ಮೊಣಕಾಲೆತ್ತರದ ಬಿಸಿಲು

ಮಕ್ಕಳೇ, ನಾನು ರಾಯಚೂರಿನಲ್ಲಿ ಹುಟ್ಟಿ ಬೆಳೆದವಳು. ಬಿಸಿಲೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಹೋದ ವರ್ಷದ ಮೇ ತಿಂಗಳಲ್ಲಿ ಮಗನ ಮನೆಗೆ ಹೋಗಿದ್ದಾಗ, ಒಂಬತ್ತು ವರ್ಷದ ಮೊಮ್ಮಗಳೂ ಅವಳ ನಾಯಿ ಕೆಂಚನೂ ಸೇರಿ ನನಗೆ ಗೊತ್ತಿಲ್ಲದ ಒಂದು ಬಿಸಿಲನ್ನು ತೋರಿಸಿದರು. ಆ ಕಥೆಯನ್ನೇ ಇವತ್ತು ನಿಮಗೆ ಹೇಳುತ್ತೇನೆ.

ಮಗ ಇರುವುದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ. ಸುತ್ತಲೂ ಸೊನೋರನ್ ಮರುಭೂಮಿ. ಮರುಭೂಮಿ ಎಂದ ಕೂಡಲೇ ಕಣ್ಣೆದುರು ಬರೀ ಮರಳು ಬರುತ್ತದಲ್ಲವೇ? ಇದು ಹಾಗಲ್ಲ. ವರ್ಷಕ್ಕೆ ಎರಡು ಸಲ, ಚಳಿಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಇಲ್ಲಿ ಸ್ವಲ್ಪ ಮಳೆ ಬೀಳುತ್ತದೆ. ಅಷ್ಟಕ್ಕೇ ನೆಲದ ತುಂಬ ಮುಳ್ಳುಗಿಡ, ಪೊದೆ, ಕಳ್ಳಿ. ಅದರ ನಡುವೆ ಕೈ ಎತ್ತಿ ನಿಂತ ದೈತ್ಯರ ಹಾಗೆ ಸವಾರೊ ಎಂಬ ಕಳ್ಳಿಗಳು. ಒಂದೊಂದೂ 10 ಮೀಟರ್, ಕೆಲವು ಅದಕ್ಕೂ ಎತ್ತರ. ಆ ‘ಕೈ’ ಮೂಡಲು ಕಳ್ಳಿಗೆ ಐವತ್ತು ಎಪ್ಪತ್ತು ವರ್ಷವಾದರೂ ಆಗಿರಬೇಕು. ಅಂದರೆ ಕೈಯಿರುವ ಸವಾರೊ ಕಂಡರೆ ಅದು ನನಗೆ ಸಮವಯಸ್ಸಿನದು ಅಥವಾ ನನಗಿಂತ ಹಿರಿಯದು.

ಆ ದಿನ ಬೆಳಿಗ್ಗೆ ತಿಂಡಿ ಮುಗಿದಾಗ ಹತ್ತು ಗಂಟೆ. ಊರಾಚೆ ಸವಾರೊ ರಾಷ್ಟ್ರೀಯ ಉದ್ಯಾನವಿದೆ, ಅಲ್ಲಿ 800 ಮೀಟರಿನ ಸುಲಭದ ನಡಿಗೆ ದಾರಿಯಿದೆ ಎಂದು ಮಗ ಹೇಳಿದ್ದ. ‘ಕೆಂಚನನ್ನೂ ಕರೆದುಕೊಂಡು ಈಗಲೇ ಹೊರಡೋಣ ಪುಟ್ಟಿ’ ಎಂದೆ. ಅವಳು ಏನೂ ಹೇಳದೆ ಬಾಗಿಲು ತೆಗೆದು ಮನೆ ಮುಂದಿನ ಡಾಂಬರು ರಸ್ತೆಗೆ ಹೋದಳು. ಕುಕ್ಕರಗಾಲಿನಲ್ಲಿ ಕೂತು ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಎಣಿಸತೊಡಗಿದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಕೈ ಎಳೆದುಕೊಂಡಳು.

‘ಏಳರವರೆಗೂ ಇಡೋಕಾಗಲಿಲ್ಲ ಅಜ್ಜಿ. ಕೆಂಚನಿಗೆ ಚಪ್ಪಲಿ ಇಲ್ಲವಲ್ಲ. ನಾಳೆ ಬೆಳಿಗ್ಗೆ ಬೇಗ ಹೋಗೋಣ.’

ನಾನೂ ಕೂತು ಕೈ ಇಟ್ಟು ನೋಡಿದೆ. ನಿಜ. ನಿಂತಿದ್ದಾಗ ಮುಖಕ್ಕೆ ಹಿತವಾದ ಗಾಳಿ ತಾಗುತ್ತಿತ್ತು. ಕೂತರೆ ಒಲೆಯ ಮುಂದೆ ಕೂತ ಹಾಗೆ. ಕೆಂಚನ ಮೂಗು ಇರುವ ಎತ್ತರ ಅದು.

ಇಲ್ಲೊಂದು ವಿಷಯ ಗಮನಿಸಿ. ರೇಡಿಯೊ, ಟಿವಿ, ಮೊಬೈಲಿನಲ್ಲಿ ‘ಇಂದಿನ ತಾಪಮಾನ ಇಷ್ಟು’ ಎನ್ನುತ್ತಾರಲ್ಲ, ಅದನ್ನು ಎಲ್ಲಿ ಅಳೆಯುತ್ತಾರೆ? ಬಿಸಿಲಿನಲ್ಲಲ್ಲ, ನೆಲದ ಮೇಲೂ ಅಲ್ಲ. ನೆಲದಿಂದ ಸುಮಾರು ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಸಂದಿಗಳಿರುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆಯುತ್ತಾರೆ. ಆ ಪೆಟ್ಟಿಗೆಗೆ ಸ್ಟೀವನ್‌ಸನ್ ಪೆಟ್ಟಿಗೆ ಎಂದೇ ಹೆಸರು. ಅದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಸ್ಕಾಟ್ಲೆಂಡಿನ ದೀಪಸ್ತಂಭಗಳನ್ನು ಕಟ್ಟಿದ ಎಂಜಿನಿಯರ್. ‘ಟ್ರೆಷರ್ ಐಲೆಂಡ್’ ಕಥೆ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ತಂದೆ. ಗಾಳಿಯ ಬಿಸಿಯನ್ನು ಸರಿಯಾಗಿ ಅಳೆಯಲು ಇದು ಒಳ್ಳೆಯ ಉಪಾಯ. ಆದರೆ ಅದು ಹೇಳುವುದು ದೊಡ್ಡ ಮನುಷ್ಯರ ಎದೆ, ತಲೆಯ ಎತ್ತರದ, ಅದೂ ನೆರಳಿನಲ್ಲಿರುವ ಹವೆಯನ್ನು. ಬಿಸಿಲಿನಲ್ಲಿ, ಮೊಣಕಾಲೆತ್ತರದಲ್ಲಿ, ಬರಿಗಾಲಿನಲ್ಲಿ ನಡೆಯುವವನ ಹವೆಯೇ ಬೇರೆ.

ಎಷ್ಟು ಬೇರೆ? ಆಕಾಶ ಶುಭ್ರವಾಗಿರುವ ಮಧ್ಯಾಹ್ನ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ನೆಲಕ್ಕೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ತೆಗೆದುಕೊಳ್ಳುತ್ತದೆ. ಒಂದೊಂದು ಚದರ ಮೀಟರಿಗೂ ಒಂದೊಂದು ಇಸ್ತ್ರಿ ಪೆಟ್ಟಿಗೆ ಇಟ್ಟ ರಸ್ತೆಯನ್ನು ಕಲ್ಪಿಸಿಕೊಳ್ಳಿ! ಕಪ್ಪು ಡಾಂಬರು ಆ ಬಿಸಿಲಿನ ಬಹುಪಾಲನ್ನು ನುಂಗಿಬಿಡುತ್ತದೆ. ಹಾಗಾಗಿ ಗಾಳಿ 35 ಡಿಗ್ರಿ ಇರುವಾಗ ಡಾಂಬರು 60 ಡಿಗ್ರಿ ದಾಟಿರಬಹುದು. ಅಷ್ಟು ಬಿಸಿಗೆ ತಾಗಿದ ಚರ್ಮ ಕೆಲವೇ ಸೆಕೆಂಡುಗಳಲ್ಲಿ ಸುಟ್ಟೀತು. ನಾಯಿಯ ಅಂಗಾಲಿನ ಮೆತ್ತೆ ದಪ್ಪವಿರುತ್ತದೆ, ಒರಟಾಗಿರುತ್ತದೆ, ಒಳಗೆ ಕೊಬ್ಬಿನ ಪದರವೂ ಇರುತ್ತದೆ. ಆದರೂ ಅದು ಚರ್ಮವೇ, ರಬ್ಬರ್ ಅಲ್ಲ.

ಪುಟ್ಟಿ ಅಂಗೈ ಇಡದೆ ಅದರ ಹಿಂಬದಿ ಇಟ್ಟದ್ದು ಯಾಕೆ ಗೊತ್ತೇ? ಅಂಗೈ ಚರ್ಮ ದಪ್ಪ. ಬಿಸಿ ಪಾತ್ರೆ ಹಿಡಿದು ಹಿಡಿದು ಗಟ್ಟಿಯಾದ ನನ್ನಂಥವರ ಅಂಗೈಯಂತೂ ಇನ್ನೂ ದಪ್ಪ. ಹಿಂಬದಿಯ ಚರ್ಮ ತೆಳು, ಬಿಸಿಯನ್ನು ಬೇಗ ತಿಳಿಸುತ್ತದೆ. ಏಳು ಸೆಕೆಂಡು ಹಾಯಾಗಿ ಇಡಲು ಆಗದಿದ್ದರೆ ಆ ನೆಲ ನಾಯಿಯ ಕಾಲಿಗೆ ತಕ್ಕುದಲ್ಲ. ನಾಯಿ ಸಾಕಿದ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ. ಥರ್ಮಾಮೀಟರ್ ಬೇಡ, ಮೊಬೈಲ್ ಬೇಡ.

ಮಾರನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೇ ಹೊರಟೆವು. ಮೇ ನಡುವಿನಲ್ಲಿ ಅಲ್ಲಿ ಐದೂವರೆಯೊಳಗೆ ಸೂರ್ಯ ಮೇಲೆ ಬಂದಿರುತ್ತಾನೆ. ಆರು ಗಂಟೆಗೆ ನಾವು ಆ ದಾರಿಯ ಬಾಯಲ್ಲಿದ್ದೆವು. ಉದ್ಯಾನದ ಪಶ್ಚಿಮ ಭಾಗದಲ್ಲಿರುವ ಈ ದಾರಿಗೆ ಡೆಸರ್ಟ್ ಡಿಸ್ಕವರಿ ದಾರಿ ಎಂದು ಹೆಸರು. ಏರಿಲ್ಲ, ಇಳಿಜಾರಿಲ್ಲ, ಗಾಲಿಕುರ್ಚಿಯೂ ಹೋಗಬಲ್ಲ ಗಟ್ಟಿ ಹಾಸು. ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಆ ದೊಡ್ಡ ಉದ್ಯಾನದ ಮಣ್ಣಿನ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಇಂಥ ಒಂದೆರಡು ಹಾಸುದಾರಿಗಳಲ್ಲಿ ಮಾತ್ರ, ಅದೂ ಆರು ಅಡಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಬಿಡುತ್ತಾರೆ. ನಾಯಿಯ ವಾಸನೆ ಬಿದ್ದರೆ ಅಲ್ಲಿನ ಮೊಲ, ಜಿಂಕೆಗಳಿಗೆ ಬೇಟೆಯ ಪ್ರಾಣಿ ಬಂತೆಂದೇ ಅರ್ಥ; ಅವು ಮೇಯುವುದನ್ನು, ನೀರು ಕುಡಿಯುವುದನ್ನು ಬಿಟ್ಟು ಓಡಿಹೋಗುತ್ತವೆ. ನಿಯಮ ಸರಿಯಾಗಿಯೇ ಇದೆ ಎಂಬುದು ನನ್ನ ಎಣಿಕೆ. ಆದರೆ ಒಂದು ನೆನಪಿರಲಿ: ನಾಯಿಗೆ ಬಿಟ್ಟಿರುವುದು ಹಾಸುದಾರಿ, ಮಣ್ಣಿಗಿಂತ ಹೆಚ್ಚು ಕಾಯುವುದೂ ಹಾಸುದಾರಿಯೇ. ಪುಟ್ಟಿ ಅಲ್ಲಿಯೂ ಕೈಯಿಟ್ಟು ಏಳರವರೆಗೆ ಎಣಿಸಿದಳು. ತಣ್ಣಗಿತ್ತು.

ಬಿಸಿಲು ಬಂದಿತ್ತಲ್ಲ, ಮತ್ತೆ ತಣ್ಣಗಿದ್ದದ್ದು ಹೇಗೆ? ಸವಾರೊಗಳ ನೆರಳು ನೋಡಿದರೆ ಗೊತ್ತಾಗುತ್ತಿತ್ತು. 10 ಮೀಟರಿನ ಕಳ್ಳಿಯ ನೆರಳು ಆ ಹೊತ್ತಿನಲ್ಲಿ 80 ಮೀಟರಿನಷ್ಟು ಉದ್ದ, ದಾರಿಯನ್ನು ದಾಟಿ ಪೊದೆಗಳಾಚೆ ಹೋಗಿತ್ತು. ಅದೇ ಕಳ್ಳಿಯ ನೆರಳು ನಡುಮಧ್ಯಾಹ್ನಕ್ಕೆ ಎರಡು ಮೀಟರ್ ಚಿಲ್ಲರೆ. ರಾತ್ರಿ ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯಿರಿ: ಬೆಳಕು ಚಿಕ್ಕದಾಗಿ, ಪ್ರಖರವಾಗಿ ಬೀಳುತ್ತದೆ. ಓರೆಯಾಗಿ ಹಿಡಿಯಿರಿ: ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಗುತ್ತದೆ. ಬೆಳಗಿನ ಸೂರ್ಯ ಓರೆ ಟಾರ್ಚು. ಜೊತೆಗೆ, ಮರುಭೂಮಿಯ ಒಣಗಾಳಿಯಲ್ಲಿ ಮೋಡದ ಹೊದಿಕೆ ಇರುವುದು ಅಪರೂಪ. ನೆಲ ರಾತ್ರಿಯಿಡೀ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೆಳಗಿನ ಜಾವಕ್ಕೆ ಚೆನ್ನಾಗಿ ತಣಿದಿರುತ್ತದೆ. ಹಾಗೆಂದು ಸಂಜೆ ಸೂರ್ಯ ಇಳಿದ ಮೇಲೆ ಹೋದರೂ ಅಷ್ಟೇ ತಂಪು ಎಂದುಕೊಳ್ಳಬೇಡಿ. ದಿನವಿಡೀ ನುಂಗಿದ ಬಿಸಿಯನ್ನು ಡಾಂಬರು, ಕಲ್ಲು ನಿಧಾನಕ್ಕೆ ಬಿಡುತ್ತವೆ. ರೊಟ್ಟಿ ತೆಗೆದ ಮೇಲೆ, ಒಲೆ ಆರಿಸಿದ ಮೇಲೂ ಹಂಚು ಎಷ್ಟು ಹೊತ್ತು ಬಿಸಿಯಿರುತ್ತದೆ, ಮನೆಯಲ್ಲಿ ಅಮ್ಮ, ಅಜ್ಜಿಯನ್ನು ಕೇಳಿ. ಸಂಜೆಗೂ ಕೈಯಿಟ್ಟೇ ನೋಡಬೇಕು.

ಸವಾರೊಗಳು ಹೂಬಿಟ್ಟಿದ್ದವು. ಬಿಳಿ ಹೂವು, ಕೈಗಳ ತುದಿಯಲ್ಲಿ ಕಿರೀಟದ ಹಾಗೆ. ಅವು ರಾತ್ರಿ ಅರಳಿ ಮಾರನೆಯ ಮಧ್ಯಾಹ್ನ ಮುಚ್ಚಿಕೊಳ್ಳುತ್ತವೆ. ರಾತ್ರಿಪಾಳಿಯಲ್ಲಿ ಬಾವಲಿಗಳು ಮಕರಂದ ಕುಡಿಯುತ್ತವೆ, ಬೆಳಗಿನ ಪಾಳಿಯಲ್ಲಿ ಬಿಳಿರೆಕ್ಕೆಯ ಪಾರಿವಾಳ, ಜೇನುನೊಣ. ಮಧ್ಯಾಹ್ನಕ್ಕೆ ಅಂಗಡಿ ಬಂದ್! ಇಲ್ಲಿನ ಹೂವಿಗೂ ಗೊತ್ತು ಯಾವ ಹೊತ್ತು ಹೊರಗಿರಬೇಕು, ಯಾವ ಹೊತ್ತು ಬೇಡ ಎಂದು. ಈ ಹೂವು ಕಾಯಾಗಿ ಜೂನ್ ಹೊತ್ತಿಗೆ ಹಣ್ಣಾಗುತ್ತದೆ. ತೊಹೊನೊ ಓಡಮ್ ಎಂಬ ಅಲ್ಲಿನ ಮೂಲನಿವಾಸಿಗಳು ಉದ್ದನೆಯ ಗಳುವಿನಿಂದ ಆ ಹಣ್ಣನ್ನು ಕೆಡವಿ ಪಾಕ ಮಾಡುತ್ತಾರೆ.

ಅರ್ಧ ದಾರಿ ನಡೆದಿದ್ದೆವು. ಕೆಂಚ ನಾಲಿಗೆ ಹೊರಹಾಕಿ ಹ ಹ ಹ ಎಂದು ಏದತೊಡಗಿದ. ಪುಟ್ಟಿ ಬೆಂಚಿನ ಬಳಿ ನಿಂತಳು.

‘ಸುಸ್ತಾಯಿತಾ ಅವನಿಗೆ?’ ಎಂದೆ.

‘ಇನ್ನೂ ಇಲ್ಲ ಅಜ್ಜಿ, ಫ್ಯಾನ್ ಹಾಕ್ಕೊಂಡಿದಾನೆ’ ಎಂದಳು.

ಎಷ್ಟು ಸರಿಯಾದ ಮಾತು! ನಮಗೆ ಮೈಯೆಲ್ಲ ಬೆವರುತ್ತದೆ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನಾಯಿಯ ಮೈಮೇಲೆ ಕೂದಲು. ಅದರ ಬೆವರು ಗ್ರಂಥಿಗಳು ಕೆಲಸಕ್ಕೆ ಬರುವಷ್ಟು ಇರುವುದು ಅಂಗಾಲಿನಲ್ಲಿ ಮಾತ್ರ. ಅಷ್ಟರಿಂದ ಇಡೀ ಮೈ ತಣಿಯುವುದಿಲ್ಲ. ಆದ್ದರಿಂದ ಅದು ಮೂಗು, ಬಾಯಿ, ನಾಲಿಗೆಯ ತೇವದ ಮೇಲೆ ಗಾಳಿ ಓಡಾಡಿಸಿ ಆ ನೀರನ್ನು ಆವಿ ಮಾಡುತ್ತದೆ. ಅಲ್ಲಿ ತಣಿದ ರಕ್ತ ಮೈಗೆ ಹರಿಯುತ್ತದೆ.

ನೀರು ಆವಿಯಾಗಲು ಎಷ್ಟು ಶಾಖ ಬೇಕು ಎಂದು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಕೆಂಚನ ಬಾಯಿಂದ ಒಂದು ಲೀಟರ್ ನೀರು ಆವಿಯಾಗಿ ಹೋಯಿತೆನ್ನಿ. ಅದು ತೆಗೆದುಕೊಂಡು ಹೋಗುವ ಶಾಖದಲ್ಲಿ ತಣ್ಣನೆಯ ಏಳು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ನಮ್ಮೂರಿನ ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗಿರುವುದೂ ಇದೇ ಕಾರಣಕ್ಕೆ. ಗಡಿಗೆಯ ಮೈಯಿಂದ ಒಸರಿದ ಚೂರು ನೀರು ಆವಿಯಾಗುತ್ತ ಒಳಗಿನ ನೀರನ್ನೆಲ್ಲ ತಣಿಸುತ್ತದೆ. ಏದುವ ನಾಯಿ ಓಡಾಡುವ ಗಡಿಗೆ. ಗಡಿಗೆಗೆ ನೀರು ತುಂಬುತ್ತಿರಬೇಕು, ಅಷ್ಟೇ. ಪುಟ್ಟಿ ಚೀಲದಿಂದ ಮಡಚುವ ಬಟ್ಟಲು ತೆಗೆದು ನೀರು ಸುರಿದಳು. ನಮಗೊಂದು ಬಾಟಲಿ, ಅವನಿಗೇ ಬೇರೊಂದು ಬಾಟಲಿ. ಕೇಳುವ ಮೊದಲೇ ಕೊಡುವುದು ಅವಳ ಪದ್ಧತಿ.

ಇನ್ನು ಆ ಹ ಹ ಹ ಸದ್ದು. ಗಡಿಯಾರ ಹಿಡಿದು ಎಣಿಸಲು ಹೋದರೆ ಎಣಿಕೆ ತಪ್ಪುತ್ತದೆ, ಅಷ್ಟು ವೇಗ. ಬಿಸಿಯಾದ ನಾಯಿ ನಿಮಿಷಕ್ಕೆ 300ರಷ್ಟು ಸಲ ಉಸಿರಾಡುತ್ತದೆ. ಅಷ್ಟು ವೇಗವಾಗಿ ಎದೆ ಆಡಿಸಿದರೆ ಆ ಕೆಲಸದಿಂದಲೇ ಮೈ ಇನ್ನಷ್ಟು ಬಿಸಿಯಾಗಬೇಕಿತ್ತಲ್ಲ? ಇದೇ ಪ್ರಶ್ನೆ ವಿಜ್ಞಾನಿಗಳಿಗೂ ಬಂತು. 1962ರಲ್ಲಿ ಕ್ರಾಫರ್ಡ್ ಎಂಬ ವಿಜ್ಞಾನಿ ಉತ್ತರ ಹುಡುಕಿದರು. ಜೋಕಾಲಿ ನೆನಪಿಸಿಕೊಳ್ಳಿ. ಅದಕ್ಕೊಂದು ತನ್ನದೇ ಲಯ. ಆ ಲಯಕ್ಕೆ ಸರಿಯಾಗಿ ಬೆರಳಲ್ಲಿ ನೂಕಿದರೂ ಎತ್ತರಕ್ಕೆ ಹೋಗುತ್ತದೆ. ಲಯ ತಪ್ಪಿ ನೂಕಿದರೆ ತೋಳು ನೋಯುತ್ತದೆ, ಜೋಕಾಲಿ ಹೋಗುವುದಿಲ್ಲ. ನಾಯಿಯ ಎದೆಗೂಡಿಗೂ ಹಾಗೆಯೇ ಸ್ಪ್ರಿಂಗಿನಂಥ ಲಯವಿದೆ, ಸೆಕೆಂಡಿಗೆ ಐದು ಸಲಕ್ಕಿಂತ ತುಸು ಹೆಚ್ಚು. ನಾಯಿ ಏದುವುದು ಸರಿಯಾಗಿ ಅದೇ ಲಯದಲ್ಲಿ. ಹಾಗಾಗಿ ಕಡಿಮೆ ಶ್ರಮ, ಹೆಚ್ಚು ಗಾಳಿ. (ನೀವು ಹಾಗೆ ಏದಿ ನೋಡಬೇಡಿ, ತಲೆ ಸುತ್ತುತ್ತದೆ. ನಾಯಿಯ ಆ ಉಸಿರು ಮೇಲುಮೇಲಿನದು, ಪುಪ್ಪುಸದ ಆಳಕ್ಕೆ ಇಳಿಯುವುದು ಕಡಿಮೆ.)

ಇದಕ್ಕಿಂತ ಚಂದದ ಸಂಗತಿಯೊಂದಿದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಕ್ನೂಟ್ ಶ್ಮಿಟ್-ನೀಲ್ಸನ್ ಎಂಬ ದೊಡ್ಡ ವಿಜ್ಞಾನಿ ಇದ್ದರು. ಮರುಭೂಮಿಯ ಪ್ರಾಣಿಗಳು ಬದುಕುವುದು ಹೇಗೆ ಎಂದು ಜೀವಮಾನವಿಡೀ ಹುಡುಕಿದವರು. ಅವರ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅವರೂ ಒಂದು ಒಂಟೆಯೂ ಎದುರುಬದುರು ನಿಂತ ಪ್ರತಿಮೆಯಿದೆ. ಅವರು ಇದೇ ಅರಿಜೋನಾದಲ್ಲಿ ಕಾಂಗರೂ ಇಲಿ ಎಂಬ ಪುಟಾಣಿಯನ್ನು ಗಮನಿಸಿದ್ದರು. ಅದು ನೀರು ಕುಡಿಯದೆಯೇ ಬದುಕಬಲ್ಲ ಇಲಿ. ಅದರ ಗುಟ್ಟುಗಳಲ್ಲಿ ಮೂಗೂ ಒಂದು. ಉಸಿರು ಒಳಗೆ ಹೋಗುವಾಗ ಒಣಗಾಳಿ ತಾಗಿ ಮೂಗಿನ ಒಳಗೋಡೆ ತಣ್ಣಗಾಗುತ್ತದೆ. ಉಸಿರು ಹೊರಗೆ ಬರುವಾಗ ಅದರಲ್ಲಿರುವ ಆವಿ ಆ ತಣ್ಣನೆಯ ಗೋಡೆಯ ಮೇಲೆ ಹನಿಯಾಗಿ ಕೂಡುತ್ತದೆ, ಫ್ರಿಜ್ಜಿನಿಂದ ತೆಗೆದ ಲೋಟದ ಮೇಲೆ ಹನಿ ಕೂಡುವಂತೆ. ನೀರು ಉಳಿಯಿತು!

ಆದರೆ ಬಿಸಿಯಾದ ನಾಯಿಗೆ ಬೇಕಾದದ್ದು ಇದರ ತದ್ವಿರುದ್ಧ. ಅದು ಶಾಖ ಕಳೆದುಕೊಳ್ಳಬೇಕು. ಮೂಗಿನಿಂದ ಒಳಹೋದ ಗಾಳಿ ಮೂಗಿನಿಂದಲೇ ಹೊರಬಂದರೆ ತೆಗೆದುಕೊಂಡ ಶಾಖವನ್ನು ತಿರುಗಿ ಮೂಗಿಗೇ ಕೊಟ್ಟುಬಿಡುತ್ತದೆ. ಮತ್ತೇನು ಮಾಡುತ್ತದೆ ನಾಯಿ? 1970ರಲ್ಲಿ ಶ್ಮಿಟ್-ನೀಲ್ಸನ್ ಮತ್ತು ಅವರ ಜೊತೆಗಾರರು ಕಂಡುಹಿಡಿದು ಹೇಳಿದರು: ಏದುವ ನಾಯಿ ಹೆಚ್ಚಾಗಿ ಮೂಗಿನಿಂದ ಗಾಳಿ ಎಳೆದುಕೊಂಡು ಬಾಯಿಯಿಂದ ಬಿಡುತ್ತದೆ. ಒಂದು ಬಾಗಿಲಿನಿಂದ ಒಳಗೆ, ಇನ್ನೊಂದು ಬಾಗಿಲಿನಿಂದ ಹೊರಗೆ. ಮೂಗಿನೊಳಗೆ ತೇವ ಒಣಗದಂತೆ ನೀರು ಒಸರುವ ಒಂದು ಗ್ರಂಥಿಯೂ ಇದೆ. ಬಾಯಿ ತೆರೆದು ನಾಲಿಗೆ ಚಾಚಿದ ಕೆಂಚನನ್ನು ನೋಡಿ ‘ಪಾಪ’ ಎಂದುಕೊಳ್ಳುತ್ತಿದ್ದೆನಲ್ಲ, ಒಳಗೆ ಎಂಥ ಅಚ್ಚುಕಟ್ಟಾದ ಯಂತ್ರ ಕೆಲಸ ಮಾಡುತ್ತಿತ್ತು!

ಈ ಯಂತ್ರಕ್ಕೆ ಎರಡು ಮಿತಿಗಳಿವೆ. ಮೊದಲನೆಯದು ಮೂಗಿನ ಉದ್ದ. ಬಾಗಲಕೋಟೆ ಕಡೆಯ ನಮ್ಮ ಮುಧೋಳ ನಾಯಿ ನೋಡಿದ್ದೀರಲ್ಲ, ಎಷ್ಟು ನೀಳವಾದ ಮೂತಿ! ಗಾಳಿ ಸಾಗುವ ದಾರಿ ಉದ್ದ, ತಣಿಸುವ ಜಾಗ ಹೆಚ್ಚು. ಪಗ್, ಬುಲ್‌ಡಾಗ್‌ಗಳ ಮೂತಿ ಚಪ್ಪಟೆ. ಮನುಷ್ಯರು ಮುದ್ದಾಗಿ ಕಾಣಲೆಂದು ತಳಿ ಮಾಡಿ ಮಾಡಿ ಅವುಗಳ ಮೂಗನ್ನು ಕುಗ್ಗಿಸಿದ್ದಾರೆ. ಅವು ಎಷ್ಟು ಏದಿದರೂ ಸಿಗುವ ತಂಪು ಕಡಿಮೆ, ನಡಿಗೆಯಿಲ್ಲದೆ ಬಿಸಿಯಲ್ಲಿ ಕೂತಿದ್ದರೂ ತೊಂದರೆಗೆ ಸಿಕ್ಕಿಕೊಳ್ಳುತ್ತವೆ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಅಂಥ ನಾಯಿ ನಿಮ್ಮ ಮನೆಯಲ್ಲಿದ್ದರೆ ಅದರ ನಡಿಗೆ ಇನ್ನೂ ಬೇಗ, ಇನ್ನೂ ಗಿಡ್ಡ ಆಗಬೇಕು.

ಎರಡನೆಯದು ಗಾಳಿಯ ತೇವ. ಟೂಸಾನಿನ ಬೇಸಿಗೆ ಗಾಳಿ ಒಣಗಿದ್ದು, ಒದ್ದೆ ಬಟ್ಟೆ ನೋಡನೋಡುತ್ತ ಗರಿಗರಿಯಾಗುತ್ತದೆ. ಏದುವುದಕ್ಕೆ ಅದು ಅನುಕೂಲ. ಆದರೆ ನೀರೂ ಅಷ್ಟೇ ಬೇಗ ಖರ್ಚು. ಎಲ್ಲಿಯೂ ಒದ್ದೆ ಕಾಣದ ಕಾರಣ ಖರ್ಚಾದದ್ದು ಕಣ್ಣಿಗೆ ಬೀಳುವುದಿಲ್ಲ. ಮಂಗಳೂರಿನಲ್ಲಿ ತಿರುಗುಮುರುಗು. ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ನಾಲಿಗೆಯ ತೇವ ಬೇಗ ಆರುವುದಿಲ್ಲ. 32 ಡಿಗ್ರಿಯ ಮಂಗಳೂರಿನ ಮಧ್ಯಾಹ್ನವೂ ನಾಯಿಗೆ ಕಷ್ಟವಾಗುವುದು ಅದಕ್ಕೇ.

ಬೆಂಚಿನಿಂದ ಏಳುವಾಗ ಪುಟ್ಟಿ ಒಂದು ಮಾತು ಹೇಳಿದಳು. ‘ಅಜ್ಜಿ, ಕೆಂಚ ಯಾವತ್ತೂ ಸಾಕು ಅನ್ನಲ್ಲ. ನಾನು ಹೋದರೆ ಬರ್ತಾನೆ ಅಷ್ಟೆ. ಅದಕ್ಕೆ ಸಾಕು ಅಂತ ನಾನೇ ಹೇಳ್ಬೇಕು.’

ಮಕ್ಕಳೇ, ಇಡೀ ನಡಿಗೆಯಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಈ ಮಾತು. ಕಾಡಿನ ಪ್ರಾಣಿ ತನ್ನ ಹೊತ್ತನ್ನು ತಾನೇ ನಿರ್ಧರಿಸುತ್ತದೆ. ಅಲ್ಲಿನ ಕಯೋಟಿ ಎಂಬ ತೋಳದಂಥ ಪ್ರಾಣಿ ಬೇಸಿಗೆಯ ಮಧ್ಯಾಹ್ನ ನೆರಳು ಬಿಟ್ಟು ಅಲ್ಲಾಡುವುದಿಲ್ಲ. ಉದ್ದ ಕಿವಿಯ ಜಾಕ್‌ರ‍್ಯಾಬಿಟ್ ಮೊಲ ಪೊದೆಯ ಬುಡದಲ್ಲಿ ಕೂತು, ರಕ್ತನಾಳ ತುಂಬಿದ ಆ ಕಿವಿಗಳಿಂದಲೇ ಮೈಯ ಶಾಖವನ್ನು ಹೊರಗೆ ಬಿಡುತ್ತದೆ. ಸಾಕಿದ ನಾಯಿ ಮಾತ್ರ ತನ್ನ ಹೊತ್ತನ್ನು ನಮ್ಮ ಕೈಗೆ ಕೊಟ್ಟಿದೆ. ಕಾಲು ಸುಟ್ಟರೂ ನಾವು ನಡೆದಷ್ಟು ದೂರ ನಡೆಯುತ್ತದೆ, ಚೆಂಡೆಸೆದಷ್ಟು ಸಲ ಓಡುತ್ತದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಬಿಡುತ್ತದೆ ಎಂಬುದು ಪಾಪ ಅದಕ್ಕೇನು ಗೊತ್ತು?

ಅದೇ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಇದಕ್ಕೊಂದು ನಿಯಮವನ್ನೇ ಮಾಡಿದ್ದಾರೆ. ತಾಪಮಾನ ಅವರ ಲೆಕ್ಕದ 100 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 38 ಡಿಗ್ರಿ ಮುಟ್ಟಿದರೆ ನಗರದ ಗುಡ್ಡದ ದಾರಿಗಳಲ್ಲಿ ನಾಯಿಯನ್ನು ಕರೆದೊಯ್ಯುವಂತಿಲ್ಲ. ಒಳ್ಳೆಯ ನಿಯಮ. ಆದರೆ ಅದು ನೆರಳಿನ ಗಾಳಿಯ ಲೆಕ್ಕ ಎಂಬುದನ್ನು ನೀವೀಗ ಬಲ್ಲಿರಿ. ಅಷ್ಟಾಗುವವರೆಗೆ ಕಾಯಬೇಕಿಲ್ಲ.

ನಾಯಿ ಬಾಯಿಬಿಟ್ಟು ಹೇಳದಿದ್ದರೂ ಮೈಯಿಂದ ಹೇಳುತ್ತದೆ. ಹಗ್ಗವನ್ನು ನೆರಳಿನ ಕಡೆ ಎಳೆಯುತ್ತದೆ. ಹಿಂದೆ ಬೀಳುತ್ತದೆ. ನಾಲಿಗೆಯ ತುದಿ ಸೌಟಿನಂತೆ ಅಗಲವಾಗಿ ಜೋಲುತ್ತದೆ. ಕಾಲನ್ನು ಎತ್ತಿ ಎತ್ತಿ ಇಡುತ್ತದೆ, ನಿಂತು ಅಂಗಾಲು ನೆಕ್ಕುತ್ತದೆ. ಇಷ್ಟು ಕಂಡರೆ ನಡಿಗೆ ಮುಗಿಯಿತು. ನೆರಳು, ನೀರು, ಮನೆ. ಇದನ್ನು ಮೀರಿ ಒಸಡು ಕಡುಕೆಂಪಾದರೆ, ವಾಂತಿ ಮಾಡಿದರೆ, ತೂರಾಡಿದರೆ, ಕರೆದರೂ ತಿರುಗಿ ನೋಡದಿದ್ದರೆ ಅದು ಬಿಸಿಲಾಘಾತ. ನಾಯಿಯ ಮೈ ಆರೋಗ್ಯದಲ್ಲಿದ್ದಾಗ 38ರಿಂದ 39 ಡಿಗ್ರಿ ಚಿಲ್ಲರೆ, ನಮಗಿಂತ ಕೊಂಚ ಹೆಚ್ಚೇ. 41 ದಾಟಿತೆಂದರೆ ಮಿದುಳು, ಮೂತ್ರಪಿಂಡ ಹಾಳಾಗತೊಡಗಬಹುದು.

ಆಗ ಏನು ಮಾಡಬೇಕು? ದೊಡ್ಡವರನ್ನು ಕೂಗಿ ಕರೆಯಿರಿ. ಪಶುವೈದ್ಯರು ಈಗ ಒತ್ತಿ ಹೇಳುವ ಮಾತು: ಮೊದಲು ತಣಿಸಿ, ಆಮೇಲೆ ಸಾಗಿಸಿ. ನೆರಳಿಗೆ ತಂದು, ಕೈಯಲ್ಲಿರುವ ನೀರನ್ನು ಮೈಮೇಲೆ, ಹೊಟ್ಟೆ ತೊಡೆಗಳ ಮೇಲೆ ಸುರಿದು, ಟೋಪಿಯಿಂದಲೋ ಪುಸ್ತಕದಿಂದಲೋ ಗಾಳಿ ಬೀಸಬೇಕು. ಒದ್ದೆ ಟವೆಲ್ ಹೊದಿಸಿ ಬಿಡಬಾರದು. ಸ್ವಲ್ಪ ಹೊತ್ತಿಗೆ ಆ ಟವೆಲ್ಲೇ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ, ಗಾಳಿ ತಾಗಲು ಬಿಡುವುದಿಲ್ಲ. ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಬಾರದು. ಕೂಡಲೇ ಪಶುವೈದ್ಯರ ಬಳಿ ಹೋಗಬೇಕು, ನಾಯಿ ಎದ್ದು ನಿಂತು ಬಾಲ ಆಡಿಸಿದರೂ ಸರಿಯೇ. ಆಡಿ ಓಡಿ ಬಿಸಿಯಾಗಿದ್ದರೂ ಎಚ್ಚರವಾಗಿ, ಸರಿಯಾಗಿ ಇರುವ ನಾಯಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಒಂದು ಸೊಗಸಾದ ಉಪಾಯ ಪ್ರಕಟಿಸಿದರು. ನೀರಿನ ಬಕೆಟ್ಟಿನಲ್ಲಿ ತಾನಾಗಿಯೇ ತಲೆ ಅದ್ದುವಂತೆ ನಾಯಿಗಳಿಗೆ ಆಟವಾಗಿ ಕಲಿಸಿದರು. ಅವರು ಹೋಲಿಸಿ ನೋಡಿದ ಉಪಾಯಗಳಲ್ಲಿ ಬೇಗ ತಣಿಸಿದ್ದು ಇದೇ. ಮೂಗು, ನಾಲಿಗೆ, ಕಿವಿ ಎಲ್ಲ ಅಲ್ಲೇ ಇವೆಯಲ್ಲ!

ನಾವು ತಿರುಗಿ ಬರುವಾಗ ಕೆಂಚ ದಾರಿಯಂಚಿನಲ್ಲಿ ಮೂಸುತ್ತ ಹೋಗಿ ಕುಯ್ ಎಂದ. ಮುಂಗಾಲಿಗೆ ಚೋಯಾ ಎಂಬ ಕಳ್ಳಿಯ ತುಂಡೊಂದು ಅಂಟಿತ್ತು. ಅದರ ಮುಳ್ಳಿನ ತುದಿ ಗಾಳದ ಹಾಗೆ ಹಿಮ್ಮುಖ ಕೊಕ್ಕೆಗಳಿಂದ ತುಂಬಿರುತ್ತದೆ, ಕೈಯಿಂದ ಕೀಳಲು ಹೋದರೆ ಕೈಗೂ ಹಿಡಿಯುತ್ತದೆ. ಪುಟ್ಟಿ ಚೀಲದಿಂದ ಒಂದು ಬಾಚಣಿಗೆ ತೆಗೆದು, ಹಲ್ಲುಗಳನ್ನು ಕಳ್ಳಿಗೂ ಕಾಲಿಗೂ ನಡುವೆ ತೂರಿಸಿ ಪಟ್ಟನೆ ಚಿಮ್ಮಿದಳು. ಕಳ್ಳಿ ಹಾರಿಹೋಯಿತು. ಅಲ್ಲಿ ನಾಯಿಯೊಡನೆ ನಡೆಯುವವರ ಚೀಲದಲ್ಲಿ ಬಾಚಣಿಗೆ ಇರುವುದು ಅದಕ್ಕೇ. ಬಾಲದಲ್ಲಿ ಗಿಲಕಿ ಆಡಿಸುವ ರ‍್ಯಾಟಲ್ ಹಾವೂ ಅಲ್ಲಿ ಉಂಟು. ಬೇಸಿಗೆ ಮಳೆ ಶುರುವಾದರೆ ಅಂಗೈಯಗಲದ ವಿಷದ ಕಪ್ಪೆಗಳು ಹೊರಬರುತ್ತವೆ, ಬಾಯಿ ಹಾಕಿದ ನಾಯಿಯ ಪ್ರಾಣಕ್ಕೇ ಅಪಾಯ. ಹಗ್ಗ ಗಿಡ್ಡವಾಗಿ ಇರಬೇಕೆಂಬ ನಿಯಮ ಕಾಡುಪ್ರಾಣಿಗಳನ್ನು ಮಾತ್ರ ಕಾಯುವುದಲ್ಲ, ಕೆಂಚನನ್ನೂ ಕಾಯುತ್ತದೆ.

ಕಾರಿನಲ್ಲಿ ಬರುವಾಗ ಮಗ ಇನ್ನೊಂದು ಮರುಭೂಮಿಯ ಮಾತು ತೆಗೆದ. ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದ ವೈಟ್ ಸ್ಯಾಂಡ್ಸ್ ಉದ್ಯಾನದಲ್ಲಿ ಮರಳು ಸಕ್ಕರೆಯಷ್ಟು ಬೆಳ್ಳಗೆ. ಅದು ಸಾಮಾನ್ಯ ಮರಳಲ್ಲ, ಜಿಪ್ಸಮ್. ಶಾಲೆಯ ಚಾಕ್‌ಪೀಸಿಗೆ ಬಳಸುವ ಖನಿಜ. ಬಂದ ಬೆಳಕನ್ನು ಬಹುಪಾಲು ಹಿಂದಕ್ಕೆ ಎಸೆಯುವುದರಿಂದ ಬೇಸಿಗೆಯಲ್ಲೂ ಬರಿಗಾಲಲ್ಲಿ ನಡೆಯಬಹುದಂತೆ. ‘ಹಾಗಾದರೆ ಕೆಂಚನನ್ನು ಅಲ್ಲಿಗೆ ಮಧ್ಯಾಹ್ನವೂ ಕರೆದುಕೊಂಡು ಹೋಗಬಹುದಾ?’ ಎಂದು ಕೇಳಿದೆ. ಪುಟ್ಟಿ ಯೋಚಿಸಿ, ‘ಕಾಲು ಸುಡಲ್ಲ. ಆದರೆ ಮೇಲಿನ ಬಿಸಿಲು ಹಾಗೇ ಇರತ್ತಲ್ಲ, ಕೆಳಗಿನಿಂದ ಹೊಟ್ಟೆಗೂ ಹೊಡೆಯತ್ತೆ’ ಎಂದಳು. ಸರಿಯಾದ ಉತ್ತರ. ನೆಲದ ಪರೀಕ್ಷೆಯಲ್ಲಿ ಪಾಸಾದ ಮೇಲೂ ನೆರಳಿದೆಯೇ, ನೀರಿದೆಯೇ, ಎಷ್ಟು ದೂರ ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ.

ಮನೆ ಮುಟ್ಟಿದಾಗ ಏಳೂವರೆ. ಕೆಂಚ ನೀರು ಕುಡಿದು ನೇರವಾಗಿ ಅಡುಗೆಮನೆಗೆ ಹೋಗಿ, ಹಿಂಗಾಲುಗಳನ್ನು ಕಪ್ಪೆಯಂತೆ ಹಿಂದಕ್ಕೆ ಚಾಚಿ, ಹೊಟ್ಟೆಯನ್ನು ತಣ್ಣನೆಯ ಟೈಲ್ಸಿಗೆ ಒತ್ತಿ ಮಲಗಿದ. ನಾಯಿಯ ಹೊಟ್ಟೆಯಲ್ಲಿ ಕೂದಲು ಕಡಿಮೆ. ಮೈಯ ಬಿಸಿ ಸೀದಾ ನೆಲಕ್ಕೆ ಇಳಿಯುತ್ತದೆ. ರಾಯಚೂರಿನ ನಮ್ಮ ಬೀದಿಯ ನಾಯಿಗಳು ಮೋರಿಯ ಹಸಿಮಣ್ಣನ್ನು ಕೆದರಿ ಅದರಲ್ಲಿ ಹೊಟ್ಟೆಯೂರಿ ಮಲಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆಂದು ಕೇಳಿಕೊಂಡಿರಲಿಲ್ಲ.

ಊರಿಗೆ ಬಂದ ಮೇಲೆ ಮನೆ ಮುಂದಿನ ರಸ್ತೆಯಲ್ಲಿ ನಾನೂ ಕೈಯಿಟ್ಟು ನೋಡಿದೆ. ನೀವೂ ಒಂದು ರಜಾದಿನ ನೋಡಿ. ಬೆಳಿಗ್ಗೆ ಏಳಕ್ಕೆ, ಹತ್ತಕ್ಕೆ, ಸಂಜೆ ಐದಕ್ಕೆ, ರಾತ್ರಿ ಎಂಟಕ್ಕೆ, ವಾಹನ ಬರದ ಜಾಗದಲ್ಲಿ, ದೊಡ್ಡವರು ಜೊತೆಗಿರುವಾಗ ಅಂಗೈಯ ಹಿಂಬದಿಯನ್ನು ಡಾಂಬರಿಗೆ, ಮಣ್ಣಿಗೆ, ಮರದಡಿಯ ನೆಲಕ್ಕೆ ಇಟ್ಟು ಎಷ್ಟು ಎಣಿಸಲಾಯಿತೆಂದು ಬರೆದುಕೊಳ್ಳಿ. ಬಿಸಿ ಅನ್ನಿಸಿದ ಕೂಡಲೇ ಕೈ ತೆಗೆದುಬಿಡಿ. ಆ ಹಾಳೆಯನ್ನು ಬಾಗಿಲ ಬಳಿ, ನಾಯಿಯ ಹಗ್ಗ ನೇತುಹಾಕುವ ಮೊಳೆಯ ಪಕ್ಕದಲ್ಲಿ ಅಂಟಿಸಿ. ಮನೆಯಲ್ಲಿ ನಾಯಿ ಇಲ್ಲದವರು ಗೇಟಿನ ಹೊರಗೆ, ನೆರಳಿರುವ ಕಡೆ, ಒಂದು ಮಣ್ಣಿನ ಬೋಗುಣಿಯಲ್ಲಿ ನೀರು ತುಂಬಿಡಿ.